ಅಗ್ಗದ ಮಲ್ಟಿಮೀಟರ್: ಎಷ್ಟು ನಂಬುವುದು, ಯಾರಿಗೆ ತೋರಿಸುವುದು?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಕೈಗೆ ಬರುವ ಡಿಜಿಟಲ್ ಮಲ್ಟಿಮೀಟರ್ ಇಂದು ರಾಜ್ಯದ ಯಾವ ಊರಿಗೂ ಹೊಸದಲ್ಲ. ಪಂಪ್‌ಸೆಟ್ ಮೆಕ್ಯಾನಿಕ್, ಮೊಬೈಲ್ ರಿಪೇರಿಯವರು, ಇನ್ವರ್ಟರ್ ಬ್ಯಾಟರಿ ಮಾರುವವರು, ಐಟಿಐ ಹುಡುಗರು, ಎಲ್ಲರ ಚೀಲದಲ್ಲೂ ಒಂದಿರುತ್ತದೆ. ಅದು ತೋರಿಸಿದ ಅಂಕಿ ನಂಬಿ ಬ್ಯಾಟರಿಗಳು ಗುಜರಿಗೆ ಹೋಗುತ್ತವೆ, ಬೋರ್ಡುಗಳು ಬದಲಾಗುತ್ತವೆ, ‘ಲೈನಲ್ಲಿ ವೋಲ್ಟೇಜ್ ಇಲ್ಲ’ ಎಂದು ವಿದ್ಯುತ್ ಕಂಪನಿಗೆ ದೂರು ಹೋಗುತ್ತದೆ. ಆ ಅಂಕಿ ಸರಿಯೇ ಎಂದು ಕೇಳಿದರೆ ಮಾತ್ರ ಉತ್ತರ ಕೊಡುವವರು ಸಿಗುವುದು ಕಷ್ಟ. ಕ್ಯಾಲಿಬ್ರೇಷನ್ ತನ್ನ ಕೆಲಸವಲ್ಲ ಎನ್ನುತ್ತದೆ ಮಾರಿದ ಅಂಗಡಿ. ಡಬ್ಬದ ಮೇಲೆ ಹೆಸರಿರುವ ತಯಾರಕರಿಗೆ ಅನೇಕ ಸಲ ಇಲ್ಲಿ ವಿಳಾಸವೇ ಇರುವುದಿಲ್ಲ. ಮಾನ್ಯತೆ ಪಡೆದ ಪ್ರಯೋಗಾಲಯವೇನೋ ಇದೆ, ಆದರೆ ಅದರ ಶುಲ್ಕ ಮೀಟರ್‌ನ ಬೆಲೆಯನ್ನೇ ದಾಟುತ್ತದೆ.

ಈ ಪ್ರಶ್ನೆಗೆ ಎರಡು ಸಿದ್ಧ ಉತ್ತರಗಳು ಚಾಲ್ತಿಯಲ್ಲಿವೆ. ‘ಅಗ್ಗದ್ದಲ್ಲವೇ, ಕೆಟ್ಟರೆ ಬಿಸಾಡಿ ಹೊಸದು ತಗೊಳ್ಳಿ’ ಎನ್ನುವುದು ಒಂದು. ‘ಯಾವ ಮೀಟರ್ ಆದರೂ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಆಗಲೇಬೇಕು’ ಎನ್ನುವುದು ಇನ್ನೊಂದು. ಎರಡೂ ಲೆಕ್ಕ ಹಾಕುವುದು ಮೀಟರ್ ಅನ್ನು ಮುಂದಿಟ್ಟುಕೊಂಡು. ಲೆಕ್ಕ ಶುರುವಾಗಬೇಕಾದದ್ದು ಮೀಟರ್‌ನ ರೀಡಿಂಗ್ ನಂಬಿ ತೆಗೆದುಕೊಳ್ಳುವ ತೀರ್ಮಾನದಿಂದ. ತೀರ್ಮಾನ ತಪ್ಪಿದರೆ ಆಗುವ ನಷ್ಟ ಎಷ್ಟೋ, ಕ್ಯಾಲಿಬ್ರೇಷನ್ ಮತ್ತು ಸರ್ವಿಸ್‌ಗೆ ಹಾಕುವ ದುಡ್ಡು ಅದಕ್ಕೆ ತಕ್ಕಂತಿರಬೇಕು. ಇದನ್ನು ಒಪ್ಪಿಕೊಂಡರೆ ಉಳಿದ ಗೊಂದಲ ಬಹುಪಾಲು ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಒಳಗಿನ ಲೆಕ್ಕ

ಅಗ್ಗದ ಮೀಟರ್‌ಗಳ ಮೂಲಪುರುಷ 1977ರಲ್ಲಿ ಅಮೆರಿಕದ ಇಂಟರ್‌ಸಿಲ್ ಕಂಪನಿ ತಂದ ಐಸಿಎಲ್7106 ಎಂಬ ಚಿಪ್. ಡಿಟಿ830 ಹೆಸರಿನಲ್ಲಿ ಹತ್ತಾರು ಬ್ರ್ಯಾಂಡ್‌ಗಳಡಿ ಮಾರಾಟವಾಗುವ ಮೀಟರ್‌ಗಳಲ್ಲಿ ಇವತ್ತಿಗೂ ಇರುವುದು ಅದೇ ವಿನ್ಯಾಸದ ನಕಲು. ಬೋರ್ಡಿನ ಮೇಲೆ ಕಪ್ಪು ಅಂಟಿನ ಬೊಟ್ಟೊಂದರ ಕೆಳಗೆ ಅದು ಅವಿತಿರುತ್ತದೆ. ಅಳೆಯಬೇಕಾದ ವೋಲ್ಟೇಜನ್ನು ಈ ಚಿಪ್ ಗೊತ್ತಾದ ಕಾಲದವರೆಗೆ ಒಂದು ಕೆಪಾಸಿಟರಿಗೆ ತುಂಬಿಸುತ್ತದೆ. ಆಮೇಲೆ ತನ್ನದೇ ರೆಫರೆನ್ಸ್ ವೋಲ್ಟೇಜ್ ಬಳಸಿ ಅದನ್ನು ಖಾಲಿ ಮಾಡುತ್ತಾ, ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುತ್ತದೆ. ತುಂಬುವುದು, ಖಾಲಿಯಾಗುವುದು ಎರಡೂ ಅದೇ ಕೆಪಾಸಿಟರ್, ಅದೇ ಗಡಿಯಾರದ ಮೇಲೆ ನಡೆಯುವುದರಿಂದ ಅವುಗಳ ದೋಷ ಪರಸ್ಪರ ವಜಾ ಆಗುತ್ತದೆ. ಇನ್ನೂರು ರೂಪಾಯಿಯ ವಸ್ತು ಇಷ್ಟಾದರೂ ಸರಿಯಾಗಿ ಅಳೆಯುವುದರ ಗುಟ್ಟು ಇಲ್ಲಿದೆ.

ವಜಾ ಆಗದೆ ಉಳಿಯುವುದು ರೆಫರೆನ್ಸ್‌ನ ದೋಷ. 200 ಮಿಲಿವೋಲ್ಟ್ ರೇಂಜಿನಲ್ಲಿ ಅದು 100 ಮಿಲಿವೋಲ್ಟ್ ಇರಬೇಕು. ಒಳಗಿನ ಒಂದು ಸಣ್ಣ ಪ್ರಿಸೆಟ್ ತಿರುಗಿಸಿ ಕಾರ್ಖಾನೆಯಲ್ಲಿ ಅದನ್ನು ಕೂರಿಸಿರುತ್ತಾರೆ. ಅದು ಶೇ. 1ರಷ್ಟು ಇಳಿದರೆ ಎಲ್ಲ ವೋಲ್ಟ್ ರೀಡಿಂಗ್‌ಗಳೂ ಶೇ. 1ರಷ್ಟು ಏರುತ್ತವೆ. ಚಿಪ್‌ನ ಒಳಗಿನ ರೆಫರೆನ್ಸ್ ಉಷ್ಣತೆಗೂ ಅಲುಗುತ್ತದೆ. ಪ್ರತಿ ಡಿಗ್ರಿಗೆ ಸಾಮಾನ್ಯವಾಗಿ ಹತ್ತು ಲಕ್ಷದಲ್ಲಿ 80 ಭಾಗದಷ್ಟು. 23 ಡಿಗ್ರಿಯಲ್ಲಿ ಕೂರಿಸಿದ ಮೀಟರ್ ಕಲಬುರಗಿಯ 43 ಡಿಗ್ರಿ ಬಿಸಿಲಿನಲ್ಲಿ ಈ ಒಂದು ಕಾರಣಕ್ಕೇ ಶೇ. 0.16ರಷ್ಟು ಸರಿದಿರಬಹುದು. 9 ವೋಲ್ಟ್ ಬ್ಯಾಟರಿ ಸೊರಗಿ ಸುಮಾರು 7 ವೋಲ್ಟಿಗೆ ಇಳಿದರೆ ರೆಫರೆನ್ಸ್ ನೆಲೆ ತಪ್ಪುತ್ತದೆ. ಆಗ ಮೀಟರ್ ವಾಸ್ತವಕ್ಕಿಂತ ಹೆಚ್ಚು ತೋರಿಸತೊಡಗುತ್ತದೆ. ‘ಮೀಟರ್ ಕೆಟ್ಟಿದೆ’ ಎಂಬ ದೂರುಗಳಲ್ಲಿ ಎಷ್ಟೋ ಹೊಸ ಬ್ಯಾಟರಿ ಹಾಕಿದ ಕೂಡಲೇ ಮುಗಿಯುವಂಥವು.

ರೆಫರೆನ್ಸ್ ಬಿಟ್ಟರೆ ದೋಷದ ಎರಡನೆಯ ಮೂಲ ರೆಸಿಸ್ಟರ್‌ಗಳ ಸರಪಳಿ. ಡಿಟಿ830ರಲ್ಲಿ 100 ಓಮ್, 900 ಓಮ್, 9 ಕಿಲೋ ಓಮ್, 90 ಕಿಲೋ ಓಮ್ ಎಂದು ಏರುತ್ತಾ ಒಟ್ಟು 1 ಮೆಗಾ ಓಮ್ ಆಗುವ ಸಾಲೊಂದಿದೆ. ದೊಡ್ಡ ವೋಲ್ಟೇಜನ್ನು ಹಂಚಿ ಚಿಕ್ಕದು ಮಾಡುವುದಕ್ಕೂ, ಓಮ್ ರೇಂಜಿನಲ್ಲಿ ಹೋಲಿಕೆಗೂ ಅದೇ ಸಾಲು. ಓಮ್ ಅಳೆಯುವಾಗ ಮೀಟರ್ ಗೊತ್ತಿಲ್ಲದ ರೆಸಿಸ್ಟರನ್ನು ತನ್ನ ಒಳಗಿನ ರೆಸಿಸ್ಟರ್‌ನೊಂದಿಗೆ ನೇರವಾಗಿ ಹೋಲಿಸುತ್ತದೆ. ಅಲ್ಲಿ ವೋಲ್ಟೇಜ್ ರೆಫರೆನ್ಸ್‌ಗೆ ಪಾತ್ರವೇ ಇಲ್ಲ. ಕರೆಂಟ್ ಅಳೆಯುವಾಗ ಷಂಟ್‌ಗಳು ಬರುತ್ತವೆ. 10 ಆಂಪಿಯರ್ ರೇಂಜಿನ ಷಂಟ್ ಎಂದರೆ 0.01 ಓಮ್‌ನ ಒಂದು ದಪ್ಪ ತಂತಿ ತುಂಡು.

ರೋಗ ಪತ್ತೆಹಚ್ಚಲು ಇಷ್ಟು ತಿಳಿದಿದ್ದರೆ ಸಾಕು. ಡಿಸಿ ವೋಲ್ಟ್‌ನ ಎಲ್ಲ ರೇಂಜ್‌ಗಳಲ್ಲೂ ಒಂದೇ ಪ್ರಮಾಣದ ತಪ್ಪಿದ್ದು ಓಮ್ ಸರಿಯಿದ್ದರೆ ಸರಿದಿರುವುದು ರೆಫರೆನ್ಸ್. ಯಾವುದೋ ಒಂದು ರೇಂಜ್ ಮಾತ್ರ ಹಾದಿ ತಪ್ಪಿದ್ದರೆ ಆ ಸಾಲಿನ ಒಂದು ರೆಸಿಸ್ಟರ್ ಸುಟ್ಟಿದೆ. ಓಮ್ ರೇಂಜಿನಲ್ಲಿಟ್ಟು ಮೇನ್ಸ್ ಮುಟ್ಟಿದ ಮೀಟರ್‌ಗಳ ಗತಿ ಸಾಮಾನ್ಯವಾಗಿ ಇದೇ. ಕರೆಂಟ್ ಮಾತ್ರ ತಪ್ಪಿದ್ದರೆ ಷಂಟ್ ಅಥವಾ ಫ್ಯೂಸ್ ನೋಡಬೇಕು. ರೀಡಿಂಗ್ ಕುಣಿಯುತ್ತಿದ್ದರೆ ಸೆಲೆಕ್ಟರ್ ಸ್ವಿಚ್‌ನ ಕೊಳೆ, ಇಲ್ಲವೇ ಪ್ರೋಬ್ ವೈರು.

ಶೇ. 0.5 ಎಂಬ ಭರವಸೆ

ಡಬ್ಬದ ಮೇಲೆ ‘ನಿಖರತೆ ಶೇ. 0.5’ ಎಂದಿರುತ್ತದೆ. ಪೂರ್ಣ ರೂಪ ಒಳಗಿನ ಹಾಳೆಯಲ್ಲಿದೆ: ಡಿಸಿ ವೋಲ್ಟ್‌ಗೆ ±(ಶೇ. 0.5 + 2 ಅಂಕೆ). ಕೊನೆಯ ‘2 ಅಂಕೆ’ಯನ್ನು ಗಮನಿಸುವವರು ಕಡಿಮೆ. 20 ವೋಲ್ಟ್ ರೇಂಜಿನಲ್ಲಿ ಕೊನೆಯ ಅಂಕೆ ಎಂದರೆ 10 ಮಿಲಿವೋಲ್ಟ್, ಎರಡು ಅಂಕೆ ಎಂದರೆ 20 ಮಿಲಿವೋಲ್ಟ್.

ಲಿಥಿಯಂ ಸೆಲ್ ಒಂದು ಪೂರ್ತಿ ಚಾರ್ಜ್ ಆಗಿ 4.20 ವೋಲ್ಟ್ ಇದೆ ಎಂದಿಟ್ಟುಕೊಳ್ಳಿ. ಅದರ ಶೇ. 0.5 ಎಂದರೆ 21 ಮಿಲಿವೋಲ್ಟ್. ಅದಕ್ಕೆ 20 ಸೇರಿಸಿದರೆ 41. ಅಂದರೆ ಹೊಚ್ಚಹೊಸ, ದೋಷವೇ ಇಲ್ಲದ ಮೀಟರ್ ಕೂಡ 4.16ರಿಂದ 4.24ರ ನಡುವೆ ಏನನ್ನಾದರೂ ತೋರಿಸಬಹುದು, ತೋರಿಸಿದರೆ ಅದು ತಪ್ಪಲ್ಲ. ಚಾರ್ಜರ್ 4.23 ವೋಲ್ಟ್ ಕೊಡುತ್ತಿದೆ ಎಂದು ಇಂಥ ಮೀಟರ್ ನಂಬಿ ಅದನ್ನು ಎಸೆದವರು ಬಹುಶಃ ಒಳ್ಳೆಯ ಚಾರ್ಜರನ್ನೇ ಎಸೆದಿದ್ದಾರೆ. 12.60 ವೋಲ್ಟ್‌ನ ಲೆಡ್ ಆಸಿಡ್ ಬ್ಯಾಟರಿಗೆ ಇದೇ ಲೆಕ್ಕ ಹಾಕಿದರೆ ಅಂತರ ±83 ಮಿಲಿವೋಲ್ಟ್, ಅಂದರೆ 12.52ರಿಂದ 12.68. ಬ್ಯಾಟರಿ ಪೂರ್ತಿ ತುಂಬಿದೆಯೋ ಸ್ವಲ್ಪ ಕಡಿಮೆಯಿದೆಯೋ ಎಂಬ ಜಗಳಕ್ಕೆ ಈ ಮೀಟರ್ ಪಂಚಾಯಿತಿ ಮಾಡಲಾರದು. ಬ್ಯಾಟರಿ ಸತ್ತಿದೆಯೋ ಬದುಕಿದೆಯೋ ಎಂದು ಹೇಳುವುದಕ್ಕೆ ಧಾರಾಳ ಸಾಕು.

ಎಸಿ ಕಡೆ ಭರವಸೆ ಇನ್ನೂ ಸಡಿಲ. ಡಿಟಿ830 ವರ್ಗದ ಮೀಟರ್‌ಗಳಿಗೆ ಎಸಿ ವೋಲ್ಟ್ ನಿಖರತೆ ±(ಶೇ. 1.2 + 10 ಅಂಕೆ) ಎಂದು ಬರೆದಿರುತ್ತದೆ. ಮೇನ್ಸ್ ಅಳೆಯುವ ರೇಂಜಿನಲ್ಲಿ ಒಂದು ಅಂಕೆ ಎಂದರೆ ಪೂರ್ತಿ 1 ವೋಲ್ಟ್. 230 ವೋಲ್ಟಿಗೆ ಲೆಕ್ಕ ಹಾಕಿದರೆ ಸುಮಾರು 13 ವೋಲ್ಟ್ ಅತ್ತಿತ್ತ. ಗೋಡೆಯ ಸಾಕೆಟ್‌ನಲ್ಲಿ ನಿಜವಾಗಿ 230 ಇದ್ದರೂ ಮೀಟರ್ 217 ಎಂದೋ 243 ಎಂದೋ ಹೇಳಬಹುದು. ಮೂರು ಅಂಗಡಿಯ ಮೂರು ಮೀಟರ್ ಮೂರು ಬಗೆ ಹೇಳಿದರೆ ಆಶ್ಚರ್ಯಪಡಬೇಕಾಗಿಲ್ಲ. ಮೂರೂ ತಮ್ಮ ತಮ್ಮ ಭರವಸೆಯೊಳಗೇ ಇರಬಹುದು.

ಮೀಟರ್ ಕ್ಯಾಲಿಬ್ರೇಷನ್ ಮಾಡಿಸಬೇಕೆಂದು ಹೊರಡುವ ಮುನ್ನ ಕಾಗದ-ಪೆನ್ನು ಹಿಡಿದು ಇಷ್ಟು ಲೆಕ್ಕ ಹಾಕುವುದು ಒಳ್ಳೆಯದು. ನಿಮಗೆ ಬೇಕಾದ ನಿಖರತೆ ಭರವಸೆಯ ಗಡಿಗಿಂತ ಬಿಗಿಯಾಗಿದ್ದರೆ ಯಾವ ಪ್ರಯೋಗಾಲಯವೂ ಅದನ್ನು ಆ ಮೀಟರ್‌ಗೆ ಖಾಯಂ ಆಗಿ ಕಟ್ಟಿಕೊಡಲಾರದು. ಅಂಥವರಿಗೆ ಬೇಕಿರುವುದು ಬೇರೆ ಮೀಟರ್.

ಪ್ರಯೋಗಾಲಯ ಕೊಡುವುದೇನು?

ಲ್ಯಾಬಿಗೆ ಕೊಟ್ಟರೆ ಮೀಟರ್ ಸರಿಮಾಡಿ ಕೊಡುತ್ತಾರೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮಾಪನಶಾಸ್ತ್ರದಲ್ಲಿ ಕ್ಯಾಲಿಬ್ರೇಷನ್ ಎಂದರೆ ಗೊತ್ತಿರುವ ಮೌಲ್ಯದೊಂದಿಗೆ ತಾಳೆ ನೋಡಿ ಎಷ್ಟು ವ್ಯತ್ಯಾಸವಿದೆ ಎಂದು ಬರೆದುಕೊಡುವುದು, ಅಷ್ಟೇ. ತಿರುಗಿಸಿ ಸರಿಪಡಿಸುವ ಹೊಂದಾಣಿಕೆ ಬೇರೆಯದೇ ಕೆಲಸ. ಅದನ್ನು ಪ್ರತ್ಯೇಕವಾಗಿ ಕೇಳಬೇಕು. ಅಗ್ಗದ ಮೀಟರ್‌ಗಳಿಗೆ ತಯಾರಕರ ಹೊಂದಾಣಿಕೆ ವಿಧಾನವೇ ಸಿಗದ ಕಾರಣ ಬಹಳಷ್ಟು ಲ್ಯಾಬ್‌ಗಳು ಅದಕ್ಕೆ ಕೈ ಹಾಕುವುದಿಲ್ಲ. ಹಾಗೆಂದು ಬರೀ ತಾಳೆಪಟ್ಟಿ ನಿರುಪಯುಕ್ತವಲ್ಲ. ಗೋಡೆ ಗಡಿಯಾರ ಐದು ನಿಮಿಷ ಮುಂದಿದೆ ಎಂದು ಗೊತ್ತಿರುವ ಮನೆಯವರು ಅದನ್ನು ಮುಟ್ಟದೆಯೂ ಬಸ್ಸು ಹಿಡಿಯುತ್ತಾರೆ. 20 ವೋಲ್ಟ್ ರೇಂಜಿನಲ್ಲಿ ಈ ಮೀಟರ್ ಶೇ. 0.4 ಹೆಚ್ಚು ತೋರಿಸುತ್ತದೆ ಎಂದು ಗೊತ್ತಾದರೆ ಕಳೆದು ಓದಿದರಾಯಿತು.

ಈ ತಾಳೆಯ ಸರಪಳಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಿಂದ ಶುರುವಾಗುತ್ತದೆ. ದೇಶದ ವೋಲ್ಟ್ ಮಾನಕವನ್ನು ಅಲ್ಲಿ ಜೋಸೆಫ್‌ಸನ್ ಪರಿಣಾಮದಿಂದ, ಓಮ್ ಮಾನಕವನ್ನು ಕ್ವಾಂಟಂ ಹಾಲ್ ಪರಿಣಾಮದಿಂದ ಕಾಯ್ದುಕೊಂಡಿದ್ದಾರೆ. 2019ರ ಮೇ 20ರಿಂದ ಪ್ಲಾಂಕ್ ಸ್ಥಿರಾಂಕ ಮತ್ತು ಇಲೆಕ್ಟ್ರಾನಿನ ವಿದ್ಯುದಂಶಕ್ಕೆ ನಿಗದಿತ ಬೆಲೆ ಕೊಟ್ಟ ಮೇಲೆ ಇವೆರಡೂ ನೇರವಾಗಿ ಅಂತರರಾಷ್ಟ್ರೀಯ ಏಕಮಾನ ವ್ಯವಸ್ಥೆಯ ಭಾಗ. ಅಲ್ಲಿಂದ ಕೆಳಗೆ ಮಾನ್ಯತೆ ಪಡೆದ ಪ್ರಯೋಗಾಲಯಗಳು. ಅವುಗಳಿಗೆ ಐಎಸ್‌ಒ/ಐಇಸಿ 17025 ಮಾನಕದ ಪ್ರಕಾರ ಮಾನ್ಯತೆ ಕೊಡುವುದು ಎನ್‌ಎಬಿಎಲ್. ಕೇಂದ್ರ ಇಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಎಸ್‌ಟಿಕ್ಯೂಸಿ ನಿರ್ದೇಶನಾಲಯಕ್ಕೆ ಸೇರಿದ ಇಟಿಡಿಸಿ ಬೆಂಗಳೂರಿನ ಪೀಣ್ಯದಲ್ಲಿದೆ. ಶುಲ್ಕ ಕಟ್ಟಿದರೆ ಹೊರಗಿನವರ ಉಪಕರಣಗಳನ್ನೂ ತಾಳೆ ನೋಡಿಕೊಡುತ್ತದೆ. ಖಾಸಗಿ ಲ್ಯಾಬ್‌ಗಳೂ ಇವೆ. ಯಾವ ಲ್ಯಾಬಿಗೆ ಯಾವ ಅಳತೆಯಲ್ಲಿ ಎಷ್ಟರ ಮಟ್ಟಿಗೆ ಮಾನ್ಯತೆ ಇದೆ ಎಂಬುದನ್ನು ಎನ್‌ಎಬಿಎಲ್ ಸಾರ್ವಜನಿಕವಾಗಿ ಪ್ರಕಟಿಸುತ್ತದೆ. ತೂಕದಲ್ಲಿ ಮಾನ್ಯತೆ ಪಡೆದ ಲ್ಯಾಬಿಗೆ ವೋಲ್ಟ್‌ನಲ್ಲೂ ಇರಲೇಬೇಕೆಂದೇನಿಲ್ಲ.

ಸರ್ಟಿಫಿಕೇಟ್ ಕೈಗೆ ಬಂದಾಗ ನಾಲ್ಕು ಸಂಗತಿ ನೋಡಬೇಕು. ಮೀಟರ್‌ನ ಸರಣಿ ಸಂಖ್ಯೆ ಇದೆಯೇ, ಪ್ರತಿ ಬಿಂದುವಿನಲ್ಲೂ ಮೀಟರ್ ತೋರಿಸಿದ ಅಂಕಿ ಇದೆಯೇ, ಅದರೊಂದಿಗೆ ಅನಿಶ್ಚಿತತೆಯ ಮೌಲ್ಯವಿದೆಯೇ, ಬಳಸಿದ ಮಾನಕ ಯಾವುದರಿಂದ ತಾಳೆಯಾದದ್ದು ಎಂದು ಹೇಳಿದೆಯೇ. ಅನಿಶ್ಚಿತತೆ ಇಲ್ಲದ ಹಾಳೆ ಎಷ್ಟೇ ಮೊಹರು ಹೊತ್ತಿದ್ದರೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಅಲ್ಲ. ಹೊಸ ಮೀಟರ್‌ಗಳ ಡಬ್ಬದಲ್ಲಿ ಬರುವ ‘ಕ್ಯೂಸಿ ಪಾಸ್’ ಚೀಟಿಯೂ ಅದಲ್ಲ. ಇನ್ನೊಂದು ಮಾತು: ಮುಂದಿನ ಕ್ಯಾಲಿಬ್ರೇಷನ್ ಯಾವಾಗ ಎಂದು ಲ್ಯಾಬ್ ತಾನಾಗಿ ಬರೆಯುವಂತಿಲ್ಲ. ಗ್ರಾಹಕರು ಒಪ್ಪಿದ್ದರೆ ಮಾತ್ರ ಬರೆಯಬಹುದು ಎನ್ನುತ್ತದೆ 17025. ‘ವರ್ಷಕ್ಕೊಮ್ಮೆ’ ಎಂಬುದು ರೂಢಿ. ಅವಧಿ ನಿರ್ಧರಿಸುವ ಹೊಣೆ ಮೀಟರ್ ಬಳಸುವವರದ್ದು.

ಈ ಖರ್ಚು ಯಾರಿಗೆ ತಪ್ಪಿದ್ದಲ್ಲ? ಅಳತೆಯ ಮೂಲವನ್ನು ತೋರಿಸಬೇಕಾದ ಉದ್ಯಮಗಳಿಗೆ. ವಾಹನ ಬಿಡಿಭಾಗ ತಯಾರಿಸುವವರು ಪಾಲಿಸುವ ಐಎಟಿಎಫ್ 16949 ಹೊರಗಿನ ಕ್ಯಾಲಿಬ್ರೇಷನ್‌ಗೆ 17025 ಮಾನ್ಯತೆಯ ಲ್ಯಾಬನ್ನೇ ಬಯಸುತ್ತದೆ. ಅಂಥ ಕಾರ್ಖಾನೆಯಲ್ಲೂ ಎಲ್ಲ ಮೀಟರ್‌ಗಳನ್ನು ಲ್ಯಾಬಿಗೆ ಕಳಿಸಬೇಕಾಗಿಲ್ಲ. ಪಾಸು-ಫೇಲು ತೀರ್ಮಾನಿಸುವ ಮೀಟರ್‌ಗೆ ಸರ್ಟಿಫಿಕೇಟ್ ಮಾಡಿಸಿ, ಮೆಂಟೆನೆನ್ಸ್ ಹುಡುಗರ ಕೈಯ ಮೀಟರ್‌ಗಳಿಗೆ ‘ಸೂಚನೆಗೆ ಮಾತ್ರ’ ಎಂದು ಚೀಟಿ ಅಂಟಿಸುವ ಪದ್ಧತಿ ಇದೆ. ಅಗ್ಗದ ಮೀಟರ್‌ಗೆ ದೊಡ್ಡ ಸರ್ಟಿಫಿಕೇಟ್ ಮಾಡಿಸಿ ಆಡಿಟ್ ದಾಟಿಸುವುದಕ್ಕಿಂತ ಇದು ಪ್ರಾಮಾಣಿಕ.

ಅಂಗಡಿಯಲ್ಲೇ ತಾಳೆ

ಲ್ಯಾಬಿನ ಹಂಗಿಲ್ಲದೆ ಅಂಗಡಿಯ ಮೇಜಿನ ಮೇಲೇ ಎಷ್ಟು ದೂರ ಹೋಗಬಹುದು? ಸಾಕಷ್ಟು ದೂರ, ಒಂದು ನಿಯಮ ಪಾಲಿಸಿದರೆ. ತಾಳೆಗೆ ಬಳಸುವ ಮಾನಕ ಪರೀಕ್ಷೆಗೆ ಒಳಗಾಗುವ ಮೀಟರ್‌ಗಿಂತ ಕನಿಷ್ಠ ನಾಲ್ಕು ಪಟ್ಟು ನಿಖರವಾಗಿರಬೇಕು ಎಂಬುದು ಹಳೆಯ, ಈಗಲೂ ಉಪಯುಕ್ತ ಸೂತ್ರ. ಶೇ. 0.5ರ ಮೀಟರ್ ಪರೀಕ್ಷಿಸಲು ಶೇ. 0.125ಕ್ಕಿಂತ ಒಳ್ಳೆಯದು ಬೇಕು. ಪಕ್ಕದ ಅಂಗಡಿಯ ಅದೇ ಜಾತಿಯ ಮೀಟರ್ ಸಾಲದು. ಎರಡೂ ಒಂದೇ ಅಂಕಿ ತೋರಿಸಿದರೆ ಎರಡೂ ಸರಿ ಎಂದಾಗುವುದಿಲ್ಲ.

ಹೊಸ ಟಾರ್ಚ್ ಸೆಲ್, ಯುಎಸ್‌ಬಿ ಚಾರ್ಜರ್, ಗೋಡೆಯ ಮೇನ್ಸ್ ಯಾವುದೂ ಮಾನಕವಲ್ಲ. ಹೊಸ ಆಲ್ಕಲೈನ್ ಸೆಲ್ 1.5ರ ಬದಲು 1.6ರ ಹತ್ತಿರ ತೋರಿಸುತ್ತದೆ. ಯುಎಸ್‌ಬಿ 5 ವೋಲ್ಟಿಗೆ ಶೇ. 5ರಷ್ಟು ಸಡಿಲವಿದೆ. ಆದರೆ ಇವೇ ಸೆಲ್‌ಗಳನ್ನು ಒಳ್ಳೆಯ ಮೀಟರ್ ಮತ್ತು ಪರೀಕ್ಷೆಯ ಮೀಟರ್ ಎರಡಕ್ಕೂ ಒಂದೇ ಹೊತ್ತಿಗೆ ಜೋಡಿಸಿದರೆ ಅವು ಬರೀ ಸ್ಥಿರ ಮೂಲ. ಅವುಗಳ ನಿಜ ಬೆಲೆ ಎಷ್ಟೆಂಬುದು ಅಲ್ಲಿ ಮುಖ್ಯವಾಗದು. ಡಿಸಿ ವೋಲ್ಟ್‌ನಲ್ಲಿ ಶೇ. 0.05 ನಿಖರತೆಯ ಫ್ಲೂಕ್ 87ವಿ ಅಥವಾ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿರುವ ಆರೂವರೆ ಅಂಕಿಯ ಬೆಂಚ್ ಮೀಟರ್ ಸಿಕ್ಕರೆ ಒಂದು ಮಧ್ಯಾಹ್ನದಲ್ಲಿ ಹತ್ತು ಮೀಟರ್‌ಗಳ ತಾಳೆಪಟ್ಟಿ ಮುಗಿಸಬಹುದು. ಆ ಬೆಂಚ್ ಮೀಟರ್ ಕೂಡ ಇತ್ತೀಚೆಗೆ ತಾಳೆಯಾಗಿರಬೇಕು ಎಂಬುದಷ್ಟೇ ಷರತ್ತು.

ಒಳ್ಳೆಯ ಮೀಟರ್ ಸಿಗದವರಿಗೆ ವೋಲ್ಟೇಜ್ ರೆಫರೆನ್ಸ್ ಮಾಡ್ಯೂಲ್‌ಗಳಿವೆ. ಎಡಿ584 ಚಿಪ್ ಇರುವ ಸಣ್ಣ ಬೋರ್ಡು 2.5, 5, 7.5 ಮತ್ತು 10 ವೋಲ್ಟ್ ಕೊಡುತ್ತದೆ. ಇಲ್ಲಿ ಚಿಪ್‌ನ ದರ್ಜೆ ನೋಡಬೇಕು. ಜೆ ದರ್ಜೆಗೆ 10 ವೋಲ್ಟ್‌ನಲ್ಲಿ 30 ಮಿಲಿವೋಲ್ಟ್, ಅಂದರೆ ಶೇ. 0.3ರವರೆಗೆ ವಿನಾಯಿತಿ ಇದೆ. ಕೆ ದರ್ಜೆಗೆ 10 ಮಿಲಿವೋಲ್ಟ್. ನಾಲ್ಕು ಪಟ್ಟಿನ ಸೂತ್ರಕ್ಕೆ ಕೆ ದರ್ಜೆ ಹೊಂದುತ್ತದೆ, ಜೆ ಹೊಂದುವುದಿಲ್ಲ. ಅನೇಕ ಬೋರ್ಡುಗಳ ಜೊತೆ ಅಳೆದು ಬರೆದ ಅಂಕಿಗಳ ಚೀಟಿ ಬರುತ್ತದೆ. ಯಾವ ಮೀಟರ್‌ನಿಂದ ಅಳೆದದ್ದು ಎಂದು ಹೇಳದ ಚೀಟಿಗೆ ಎಷ್ಟು ಬೆಲೆ ಎಂಬುದನ್ನು ಓದುಗರೇ ಊಹಿಸಬಹುದು. ಓಮ್ ತಾಳೆ ಇನ್ನೂ ಸುಲಭ. ಶೇ. 0.1ರ ಮೆಟಲ್ ಫಿಲ್ಮ್ ರೆಸಿಸ್ಟರ್‌ಗಳು ಬಿಡಿಯಾಗಿ ಸಿಗುತ್ತವೆ. 100 ಓಮ್, 1 ಕಿಲೋ, 10 ಕಿಲೋ, 100 ಕಿಲೋ, 1 ಮೆಗಾ, ಐದಿದ್ದರೆ ಡಬ್ಬಿ ಸಿದ್ಧ. ಚಿಕ್ಕ ಓಮ್‌ಗಳಲ್ಲಿ ಮೊದಲು ಪ್ರೋಬ್‌ಗಳನ್ನು ಕೂಡಿಸಿ ಬರುವ ಅಂಕಿಯನ್ನು ಕಳೆಯಬೇಕು. ದೊಡ್ಡ ಓಮ್‌ಗಳಲ್ಲಿ ಎರಡೂ ತುದಿಗೆ ಬೆರಳು ತಾಗಿಸಬಾರದು. ಕರಾವಳಿಯ ಮಳೆಗಾಲದಲ್ಲಿ ಬೋರ್ಡಿನ ಮೇಲಿನ ತೇವವೂ ಮೆಗಾ ಓಮ್ ರೀಡಿಂಗನ್ನು ಕೆಡಿಸುತ್ತದೆ.

ತಪ್ಪು ಗೊತ್ತಾಯಿತು, ಸರಿಪಡಿಸಬಹುದೇ? ಹಳೆಯ ವಿನ್ಯಾಸದಲ್ಲಿ ಒಂದೇ ಪ್ರಿಸೆಟ್. ಹೊಸ ಬ್ಯಾಟರಿ ಹಾಕಿ, ಮೀಟರ್ ಅರ್ಧ ಗಂಟೆ ಕೋಣೆಯ ಉಷ್ಣತೆಗೆ ಹೊಂದಿಕೊಂಡ ಮೇಲೆ, ಗೊತ್ತಿರುವ ವೋಲ್ಟೇಜ್ ಕೊಟ್ಟು ಕೂದಲೆಳೆಯಷ್ಟು ತಿರುಗಿಸಿದರೆ ಡಿಸಿ ವೋಲ್ಟ್ ಕೂರುತ್ತದೆ. ಓಮ್ ತಪ್ಪಿದೆಯೆಂದು ಅದನ್ನೇ ತಿರುಗಿಸಿದವರು ಸರಿಯಿದ್ದ ವೋಲ್ಟನ್ನೂ ಕೆಡಿಸಿಕೊಳ್ಳುತ್ತಾರೆ. ಸಾವಿರ-ಎರಡು ಸಾವಿರ ರೂಪಾಯಿಯ ಹೊಸ ಆಟೋ ರೇಂಜ್ ಮೀಟರ್‌ಗಳಲ್ಲಿ ಅನೇಕಕ್ಕೆ ಪ್ರಿಸೆಟ್ಟೇ ಇಲ್ಲ. ಡಿಟಿಎಂ0660ರಂಥ ಚಿಪ್ ಪಕ್ಕದಲ್ಲಿ 24ಸಿ02 ಎಂಬ ಸಣ್ಣ ಸ್ಮೃತಿ ಚಿಪ್ ಇರುತ್ತದೆ. ಪ್ರತಿ ರೇಂಜಿನ ತಿದ್ದುಪಡಿ ಅಂಕಿಗಳು ಅದರಲ್ಲಿರುತ್ತವೆ. ಹವ್ಯಾಸಿಗಳು ಅದನ್ನು ಓದಿ, ತಿದ್ದಿ ಬರೆದದ್ದುಂಟು. ಮೂಲ ಪ್ರತಿ ಉಳಿಸಿಕೊಳ್ಳದೆ ಕೈ ಹಾಕಿದರೆ ಮೀಟರ್ ಪೂರ್ತಿ ಹಾದಿ ಬಿಡುತ್ತದೆ. ದುಬಾರಿ ಮೀಟರ್‌ಗಳಲ್ಲೂ ಹೊಂದಾಣಿಕೆ ಮುಚ್ಚಿದ ಪೆಟ್ಟಿಗೆಯ ಹೊರಗಿನಿಂದಲೇ ನಡೆಯುತ್ತದೆ, ಆದರೆ ಅದರ ವಿಧಾನವನ್ನು ತಯಾರಕರು ಬರೆದು ಪ್ರಕಟಿಸಿರುತ್ತಾರೆ. ದುಬಾರಿಗೂ ಅಗ್ಗಕ್ಕೂ ಇರುವ ದೊಡ್ಡ ವ್ಯತ್ಯಾಸ ಈ ದಾಖಲೆಯಲ್ಲೇ ಇದೆ.

ಸರ್ವಿಸ್ ಎಂಬ ಮರೀಚಿಕೆ

ಅಗ್ಗದ ಮೀಟರ್‌ಗಳಲ್ಲಿ ಕೆಡುವುದು ಹೆಚ್ಚಾಗಿ ಚಿಪ್ ಅಲ್ಲ. ಪ್ಲಗ್ ಹತ್ತಿರ ಒಳಗೇ ತುಂಡಾದ ಪ್ರೋಬ್ ವೈರು, ಸೋರಿದ ಬ್ಯಾಟರಿಯಿಂದ ಹಸಿರು ಹಿಡಿದ ಸ್ಪ್ರಿಂಗು, 200 ಮಿಲಿ ಆಂಪಿಯರ್ ಫ್ಯೂಸ್, ಸವೆದ ಸೆಲೆಕ್ಟರ್ ಪತ್ತಿಗಳು, ಡಿಸ್‌ಪ್ಲೇಗೂ ಬೋರ್ಡಿಗೂ ನಡುವಿನ ರಬ್ಬರ್ ಪಟ್ಟಿ ಜಾರಿ ಮಾಯವಾದ ಗೆರೆಗಳು. ಬೋರ್ಡಿನ ವೃತ್ತಾಕಾರದ ಹಾದಿಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದರೆ, ರಬ್ಬರ್ ಪಟ್ಟಿಯನ್ನು ಸರಿಯಾಗಿ ಕೂರಿಸಿದರೆ ಎಷ್ಟೋ ಮೀಟರ್ ಎದ್ದು ಕೂರುತ್ತವೆ. ಇವೆಲ್ಲ ಬೀದಿ ಬದಿಯ ರೇಡಿಯೋ ರಿಪೇರಿಯವರ ಕೈಯಳತೆಯಲ್ಲಿರುವ ಕೆಲಸಗಳು. ಅಂಟಿನ ಬೊಟ್ಟಿನ ಕೆಳಗಿನ ಚಿಪ್ ಸತ್ತರೆ ಮಾತ್ರ ಅಲ್ಲಿಗೆ ಮುಗಿಯಿತು. ಬದಲಿ ಚಿಪ್ ಇಲ್ಲ, ಸರ್ಕೀಟ್ ನಕ್ಷೆ ಇಲ್ಲ. ಅದೇ ಹೆಸರಿನ ಮುಂದಿನ ಮೀಟರ್‌ನ ಒಳಗೆ ಬೇರೆಯದೇ ಬೋರ್ಡು ಇರಬಹುದು.

ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ದೇಶದೊಳಗೇ ವಿಳಾಸವಿರುವ ಹೆಸರುಗಳಿವೆ. ನಾಸಿಕದ ಮೋಟ್ವಾನೆ ಮತ್ತು ರಿಷಭ್, ಮುಂಬೈನ ಮೆಕೊ ಮತ್ತು ಕುಸಮ್-ಮೆಕೊ. ಇವರ ಕೆಳ ಶ್ರೇಣಿಯ ಮೀಟರ್‌ಗೆ ಅನಾಮಧೇಯ ಮೀಟರ್‌ಗಿಂತ ಹಲವು ಪಟ್ಟು ಕೊಡಬೇಕಾಗುತ್ತದೆ. ಆ ಹೆಚ್ಚಿನ ದುಡ್ಡಿನಲ್ಲಿ ಒಂದು ಭಾಗ ಅಂಕಿಯ ನಿಖರತೆಗೆ, ಇನ್ನೊಂದು ಭಾಗ ದೂರು ಹೇಳಲು ಒಬ್ಬರಿದ್ದಾರೆ ಎಂಬುದಕ್ಕೆ. ಆ ಎರಡನೆಯ ಭಾಗ ನಿಜವೇ ಎಂದು ಕೊಳ್ಳುವ ಮುನ್ನವೇ ಪರೀಕ್ಷಿಸಬಹುದು. ಫ್ಯೂಸ್ ಮತ್ತು ಪ್ರೋಬ್ ಬಿಡಿಯಾಗಿ ಸಿಗುತ್ತವೆಯೇ, ವಾರಂಟಿ ಪತ್ರದಲ್ಲಿ ಭಾರತದ ವಿಳಾಸವಿದೆಯೇ, ಕ್ಯಾಲಿಬ್ರೇಷನ್ ವಾರಂಟಿಯೊಳಗೆ ಬರುತ್ತದೆಯೇ ಎಂಬ ಮೂರು ಪ್ರಶ್ನೆ ಸಾಕು. ಮೂರನೆಯದಕ್ಕೆ ಬಹುತೇಕ ಕಡೆ ಉತ್ತರ ‘ಇಲ್ಲ’.

ಕಾನೂನಿನ ಆಸರೆ ಅರ್ಧ ಇದೆ. ಡಬ್ಬದ ಮೇಲೆ ಬರೆದ ನಿಖರತೆ ಹೊಸ ಮೀಟರ್‌ನಲ್ಲಿ ಇಲ್ಲದಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದೋಷವೇ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎನ್ನುವ ಆ ಕಾಯ್ದೆ, ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡ ವಸ್ತುವಿಗೆ ವಿನಾಯಿತಿ ಕೊಟ್ಟಿದೆ. ಒಬ್ಬಂಟಿ ಮೆಕ್ಯಾನಿಕ್‌ಗೆ ಇದು ಗೊತ್ತಿರಬೇಕಾದ ಮಾತು. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿಂದ ಶುರುಮಾಡಬಹುದು. ಆದರೆ ಮೂರು ನೂರರ ಮೀಟರ್ ತಪ್ಪು ತೋರಿಸುತ್ತದೆಂದು ರುಜುವಾತು ಮಾಡಲು ಲ್ಯಾಬ್ ವರದಿ ಬೇಕು, ವರದಿಗೆ ಅದಕ್ಕಿಂತ ಹೆಚ್ಚು ಖರ್ಚು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ತೆರೆದ ‘ರಿಪೇರಿಯ ಹಕ್ಕು’ ಪೋರ್ಟಲ್ ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತು ಇಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು. ಆ ನಾಲ್ಕನ್ನೂ ರಿಪೇರಿ ಮಾಡುವ ಕೈಯಲ್ಲಿರುವ ಅಳತೆಯ ಉಪಕರಣಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿಲ್ಲ.

ಕ್ಯಾಲಿಬ್ರೇಷನ್ ಮುಟ್ಟದ ಜಾಗಗಳು

ಎಷ್ಟೇ ತಾಳೆ ನೋಡಿದರೂ ಕೆಲವು ತಪ್ಪುಗಳು ಹೋಗುವುದಿಲ್ಲ, ಏಕೆಂದರೆ ಅವು ವಿನ್ಯಾಸದಲ್ಲೇ ಇವೆ. ಅಗ್ಗದ ಮೀಟರ್ ಎಸಿಯ ಸರಾಸರಿಯನ್ನು ಅಳೆದು, ಅಲೆ ಶುದ್ಧ ಸೈನ್ ಎಂದು ಭಾವಿಸಿ 1.11ರಿಂದ ಗುಣಿಸಿ ತೋರಿಸುತ್ತದೆ. ಮನೆಯ ಚೌಕ ಅಲೆಯ ಇನ್ವರ್ಟರ್ ನಿಜವಾಗಿ 230 ವೋಲ್ಟ್ ಕೊಡುತ್ತಿದ್ದರೆ ಅದು ಸುಮಾರು 255 ಎನ್ನುತ್ತದೆ. ನಡುನಡುವೆ ಬಿಡುವಿರುವ ಮೆಟ್ಟಿಲು ಅಲೆಯಾದರೆ, ಬಿಡುವು ಅರ್ಧ ಕಾಲವಿದ್ದಾಗ, ಅದೇ 230ಕ್ಕೆ 180 ಎನ್ನುತ್ತದೆ. ಆರೋಗ್ಯವಾಗಿರುವ ಇನ್ವರ್ಟರ್‌ಗಳು ಈ ಲೆಕ್ಕದಿಂದ ರೋಗಿಷ್ಠ ಎನಿಸಿಕೊಳ್ಳುತ್ತವೆ. ಇದಕ್ಕೆ ಮದ್ದು ಟ್ರೂ ಆರ್‌ಎಂಎಸ್ ಮೀಟರ್. 1 ಮೆಗಾ ಓಮ್‌ನ ಒಳ ರೋಧವೂ ಇಂಥದ್ದೇ. ಅಷ್ಟೇ ರೋಧವಿರುವ ಸರ್ಕೀಟಿನಲ್ಲಿ ಅಳೆದರೆ ವೋಲ್ಟೇಜ್ ಅರ್ಧಕ್ಕೆ ಕುಸಿಯುತ್ತದೆ. ಮೀಟರ್ ತೋರಿಸುವುದು ಆ ಕುಸಿದ ವೋಲ್ಟೇಜನ್ನೇ.

ಎಲ್ಲಕ್ಕಿಂತ ಗಂಭೀರವಾದದ್ದು ಸುರಕ್ಷತೆ. ಐಇಸಿ 61010 ಮಾನಕ ಮನೆಯ ಸಾಕೆಟ್‌ಗೆ ಕ್ಯಾಟ್ 2, ಕಟ್ಟಡದ ವಿತರಣಾ ಬೋರ್ಡಿಗೆ ಕ್ಯಾಟ್ 3, ಕಂಬದಿಂದ ಬರುವ ಲೈನಿಗೆ ಕ್ಯಾಟ್ 4 ಎಂದು ವರ್ಗ ಮಾಡುತ್ತದೆ. ಪಂಪ್‌ಸೆಟ್‌ನ ಮೂರು ಫೇಸ್ ಸ್ಟಾರ್ಟರ್ ಅಳೆಯಲು ಇಳಿದ ಮೀಟರ್‌ನ 10 ಆಂಪಿಯರ್ ತೂತಿಗೆ ಫ್ಯೂಸೇ ಇಲ್ಲದಿದ್ದು, ಪ್ರೋಬ್ ಮರೆತು ಅಲ್ಲೇ ಉಳಿದಿದ್ದರೆ ಆಗುವುದು ನೇರ ಶಾರ್ಟ್. ಗಾಜಿನ ಫ್ಯೂಸ್ ಅಂಥ ಹೊಡೆತ ತಡೆಯುವುದಿಲ್ಲ. ತಡೆಯುವ ಸೆರಾಮಿಕ್ ಎಚ್‌ಆರ್‌ಸಿ ಫ್ಯೂಸ್ ಒಂದೇ ಈ ಮೀಟರ್‌ಗಿಂತ ದುಬಾರಿ. ಮೈಮೇಲೆ ‘ಕ್ಯಾಟ್ 3’ ಎಂದು ಅಚ್ಚಾದ ಮಾತ್ರಕ್ಕೆ ಅದು ನಿಜವಾಗದು. ಸ್ವತಂತ್ರ ಪರೀಕ್ಷಾ ಸಂಸ್ಥೆಯ ಗುರುತು ಬೇಕು. ಸಿಇ ಗುರುತು ಈ ವರ್ಗದಲ್ಲಿ ತಯಾರಕರೇ ಹಾಕಿಕೊಳ್ಳುವಂಥದ್ದು. ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದಾವುದರ ಬಗ್ಗೆಯೂ ತುಟಿ ಬಿಚ್ಚುವುದಿಲ್ಲ.

ಯಾರು ಏನು ಮಾಡಬೇಕು?

ಕಂಟಿನ್ಯೂಟಿ, ‘ಇದೆಯೋ ಇಲ್ಲವೋ’, ಬ್ಯಾಟರಿ ಸತ್ತಿದೆಯೋ ಎಂಬಷ್ಟೇ ನೋಡುವವರಿಗೆ ಅಗ್ಗದ ಮೀಟರ್, ಹೊಸ ಬ್ಯಾಟರಿ, ಒಳ್ಳೆಯ ಪ್ರೋಬ್ ಸಾಕು. ಅದಕ್ಕೆ ಲ್ಯಾಬ್ ಖರ್ಚು ವ್ಯರ್ಥ. ಲಿಥಿಯಂ ಪ್ಯಾಕ್, ಚಾರ್ಜರ್, ಪವರ್ ಸಪ್ಲೈ ರಿಪೇರಿ ಮಾಡುವವರು ಒಂದು ಒಳ್ಳೆಯ ಮೀಟರನ್ನು ಕಪಾಟಿನಲ್ಲಿಟ್ಟು, ದಿನಬಳಕೆಯ ಅಗ್ಗದ ಮೀಟರ್‌ಗಳನ್ನು ಅದಕ್ಕೆ ಆಗಾಗ ತಾಳೆ ನೋಡಿ ತಪ್ಪಿನ ಅಂಕಿಯನ್ನು ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬೇಕು. ಲ್ಯಾಬ್ ಶುಲ್ಕ ಆ ಒಂದಕ್ಕೆ ಕೊಟ್ಟರೆ ಹತ್ತಕ್ಕೂ ಕೊಟ್ಟಂತೆ. ಆಡಿಟ್‌ಗೆ ಉತ್ತರಿಸಬೇಕಾದ ಉದ್ಯಮ ಮಾನ್ಯತೆಯ ಸರ್ಟಿಫಿಕೇಟ್ ಬಿಟ್ಟು ಬೇರೆ ದಾರಿ ಹುಡುಕಬಾರದು. ಮೂರು ಫೇಸ್ ಮುಟ್ಟುವವರು ನಿಖರತೆಗೂ ಮುನ್ನ ಫ್ಯೂಸ್ ನೋಡಬೇಕು. ಅವರ ತೀರ್ಮಾನ ತಪ್ಪಿದರೆ ಹೋಗುವುದು ಜೀವ.

ಇಷ್ಟು ಬಿಡಿ ಬಿಡಿಯಾಗಿ ಜನ ಮಾಡಿಕೊಳ್ಳಬಹುದಾದದ್ದು. ಒಟ್ಟಾಗಿ ಮಾಡಬಹುದಾದದ್ದೂ ಒಂದಿದೆ. ಊರೂರಿನಲ್ಲಿ ಐಟಿಐ, ಪಾಲಿಟೆಕ್ನಿಕ್‌ಗಳಿವೆ. ಒಂದೊಂದರಲ್ಲೂ ಸರ್ಟಿಫಿಕೇಟ್ ಇರುವ ಒಂದು ಮೀಟರ್, ಒಂದು ಸ್ಥಿರ ಡಿಸಿ ಮೂಲ, ಶೇ. 0.1ರ ರೆಸಿಸ್ಟರ್‌ಗಳ ಒಂದು ಡಬ್ಬಿ ಇಟ್ಟು, ವರ್ಷಕ್ಕೆರಡು ಸಲ ಸುತ್ತಲಿನ ಮೆಕ್ಯಾನಿಕ್‌ಗಳನ್ನು ಕರೆದು ಅವರ ಮೀಟರ್‌ಗಳ ತಾಳೆಪಟ್ಟಿ ಬರೆದುಕೊಡಬಹುದು. ವಿದ್ಯಾರ್ಥಿಗಳಿಗೆ ಅದು ಪಾಠ, ಮೆಕ್ಯಾನಿಕ್‌ಗೆ ಖರ್ಚಿಲ್ಲದ ಸೇವೆ. ಮಾನ್ಯತೆಯ ಸರ್ಟಿಫಿಕೇಟ್ ಅದಲ್ಲ, ಆಗಬೇಕಾಗಿಯೂ ಇಲ್ಲ. ತನ್ನ ಮೀಟರ್ ಎಷ್ಟು ತಪ್ಪುತ್ತದೆ ಎಂದು ತಿಳಿದ ಮೆಕ್ಯಾನಿಕ್ ಒಳ್ಳೆಯ ಬ್ಯಾಟರಿಯನ್ನು ಗುಜರಿಗೆ ಹಾಕುವುದನ್ನು ನಿಲ್ಲಿಸಿದರೆ ಆ ಖರ್ಚು ಮೊದಲ ವಾರದಲ್ಲೇ ಹುಟ್ಟುತ್ತದೆ.